ಕೇಪಿನ ಕೋವಿಯ ಹೊಟ್ಟೆಯಲ್ಲಿ ಏನಿದೆ?

ತೋಟಾ ಕೋವಿಯನ್ನು ಮಡಿಚಿ ನೋಡಿದರೆ ಸಾಕು, ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿಗೆ ಆ ಸೌಕರ್ಯ ಇಲ್ಲ. ಕೇಪು ಅಂದರೆ ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ. ಒಳಗಿನ ಮದ್ದಿಗೆ ಬೆಂಕಿ ಹತ್ತಿಸುವುದು ಅದೇ. ಅದಕ್ಕಿರುವುದು ಒಂದೇ ಬಾಯಿ. ತುಂಬುವುದೂ ಅಲ್ಲಿಂದಲೇ, ಹಾರುವುದೂ ಅಲ್ಲಿಂದಲೇ. ನಳಿಗೆಯ ಬುಡ ಮುಚ್ಚಿಕೊಂಡಿರುತ್ತದೆ. ಒಳಗೆ ಏನು ಹೋಗಿದೆ, ಎಷ್ಟು ಹೋಗಿದೆ, ಯಾವುದರ ಮೇಲೆ ಯಾವುದು ಕೂತಿದೆ ಅನ್ನುವುದಕ್ಕೆಲ್ಲ ತುಂಬಿದವನ ನೆನಪೊಂದೇ ಸಾಕ್ಷಿ. ಆ ಸಾಕ್ಷಿಯನ್ನು ಎಷ್ಟು ನಂಬಬಹುದು ಅಂತ, ಗ್ಯಾಸ್ ಆಫ್ ಮಾಡಿದೆನಾ ಇಲ್ಲವಾ ಎಂದು ಬಸ್ ಸ್ಟಾಪಿನಲ್ಲಿ ನಿಂತು ಯೋಚಿಸಿದವರಿಗೆಲ್ಲ ಗೊತ್ತು.

ಪುಣೆಯಲ್ಲಿ ಕೂತು ಇದನ್ನೆಲ್ಲ ಬರೆಯುವುದು ಸ್ವಲ್ಪ ವಿಚಿತ್ರವೇ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನದ್ದೊಂದು ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಅದನ್ನು ನೋಡುತ್ತಲೇ ಬೆಳೆದವಳು ನಾನು. ಆದರೆ ಅದರ ಮರ್ಮ ತಿಳಿದದ್ದು ಮಾತ್ರ ಇಲ್ಲಿ, ವಾನವಡಿಯಲ್ಲಿ. ನಮ್ಮ ಬಿಲ್ಡಿಂಗಿನ ಕೆಳಮನೆಯಲ್ಲಿ ಸೇನೆಯಿಂದ ನಿವೃತ್ತರಾದ ಕೊಡವರೊಬ್ಬರಿದ್ದಾರೆ. ಕನ್ನಡದ ಮಕ್ಕಳಿಗೆಲ್ಲ ಅವರು ಸುಬೇದಾರ್ ಮಾವ. ಹಾಗಾಗಿ ನನಗೂ ಅವರು ಮಾವನೇ. ಸರ್ವೀಸಿನಲ್ಲಿ ಎಂತೆಂಥ ಹೊಸ ಬಂದೂಕು ಹಿಡಿದವರೋ, ಮಾತು ಶುರುವಾದರೆ ಮಾತ್ರ ಊರಿನ ಮನೆಯ ಹಳೇ ಕೋವಿಗೇ ಬಂದು ನಿಲ್ಲುತ್ತದೆ. ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಜಮೀನು ಇರುವವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ ಅಲ್ವಾ, ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ತನಕ ಮುಂದುವರಿಸಿದಾಗ ಅವರು ಬಿಲ್ಡಿಂಗಿಗೆಲ್ಲ ಸಿಹಿ ಹಂಚಿದ್ದರು. ಕೆಳಗಿನ ಮಹಡಿಯ ಮರಾಠಿ ಅಜ್ಜಿ ಇವರಿಗೆ ಮೊಮ್ಮಗು ಹುಟ್ಟಿದೆ ಅಂದುಕೊಂಡು ಶುಭಾಶಯ ಹೇಳಿ ಹೋದರು.

ತುಂಬುವ ಕ್ರಮ ಗೊತ್ತಿಲ್ಲದವರಿಗೆ ಒಮ್ಮೆ ಹೇಳಿಬಿಡುತ್ತೇನೆ. ಮೊದಲು ಅಳೆದ ಮಸಿ. ಮಸಿ ಅಂದರೆ ನಮ್ಮ ಕಡೆ ಕರಿಮದ್ದು. ಅದರ ಮೇಲೆ ತೆಂಗಿನ ನಾರೋ ಬಟ್ಟೆ ಚೂರೋ ಇಟ್ಟು ಗಜದಿಂದ ಜಡಿಯಬೇಕು. ಗಜ ಅಂದರೆ ನಳಿಗೆಯ ಕೆಳಗೆ ಸಿಕ್ಕಿಸಿರುವ ಉದ್ದ ಸರಳು. ಆಮೇಲೆ ಗುಂಡು ಅಥವಾ ಚರೆ, ಅಂದರೆ ಸಣ್ಣ ಸಣ್ಣ ಸೀಸದ ಕಾಳು. ಚರೆ ಉದುರದಂತೆ ಮೇಲೆ ಇನ್ನೊಂದಿಷ್ಟು ನಾರು. ಮತ್ತೆ ಗಜ. ಎಲ್ಲ ಮುಗಿದು ಕೋವಿಯ ಬಾಯಿ ಗುರಿಯ ಕಡೆ ತಿರುಗಿದ ಮೇಲೆ, ಕಟ್ಟಕಡೆಗೆ, ಕೇಪು. ಒಂದು ಸಲಕ್ಕೆ ತುಂಬುವ ಮಸಿ, ಗುಂಡು ಎಲ್ಲ ಸೇರಿ ಒಂದು ಈಡು.

ಅಜ್ಜ ಜಗಲಿಯಲ್ಲಿ ಕೂತು ಈಡು ತುಂಬುವಾಗ ಯಾರೂ ಮಾತಾಡಿಸುವ ಹಾಗಿರಲಿಲ್ಲ. ಅಜ್ಜಿ ಒಳಗಿಂದ ಕಾಫಿಗೆ ಕರೆದರೂ ಹೂಂ ಇಲ್ಲ, ಊಹೂಂ ಇಲ್ಲ. ಗಜವನ್ನು ಒಳಗೆ ಬಿಟ್ಟು, ಸ್ವಲ್ಪ ಎತ್ತಿ, ಕೈ ಬಿಡುತ್ತಿದ್ದರು. ಮೊದಮೊದಲು ಅದು ಸತ್ತ ಹಾಗೆ ಕೂತುಬಿಡುತ್ತಿತ್ತು. ಜಡಿದು ಜಡಿದು ಗಟ್ಟಿಯಾದ ಮೇಲೆ ಟಣ್ ಅಂತ ಮೇಲಕ್ಕೆ ಪುಟಿಯುತ್ತಿತ್ತು. ಆಗ ಅಜ್ಜ ತಲೆಯೆತ್ತಿ, 'ಕಾಫಿ ತಗೊಂಬಾರೆ' ಅನ್ನುತ್ತಿದ್ದರು. ಅಜ್ಜನಿಗೆ ಸಿಟ್ಟು ಜಾಸ್ತಿ ಅಂತಲೇ ನಾವು ಮಕ್ಕಳು ತಿಳಿದಿದ್ದೆವು.

ಸುಬೇದಾರ್ ಮಾವನಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. 'ಸರಿಯಾಗೇ ಮಾಡ್ತಿದ್ರು ನಿನ್ನಜ್ಜ. ಅರ್ಧದಲ್ಲಿ ಯಾರಾದ್ರೂ ಕರೆದ್ರೆ ಮುಗೀತು ಮಾರಾಯ್ತಿ. ವಾಪಸ್ ಬಂದು ಕೂತಾಗ ನಿನಗೆ ನೆನಪಿರೋದು ಮಸಿ ಹಾಕಿದ್ದಾ, ಹಾಕ್ಬೇಕು ಅಂದುಕೊಂಡಿದ್ದಾ? ಎರಡೂ ಒಂದೇ ಥರ ಇರ್ತದೆ ತಲೇಲಿ.'

ಈ ಒಂದು ಮಾತಿನಲ್ಲೇ ಕೇಪಿನ ಕೋವಿಯ ಮುಕ್ಕಾಲು ಪಾಲು ಅವಘಡಗಳಿವೆ ಅಂತ ಈಗ ನನಗೆ ಅನಿಸುತ್ತದೆ.

ಮಸಿ ಹಾಕುವುದನ್ನೇ ಮರೆತು ಗುಂಡು ಜಡಿದರೆ ಅಪಾಯ ಏನಿಲ್ಲ, ಮರ್ಯಾದೆ ಹೋಗುತ್ತದೆ ಅಷ್ಟೆ. ಕೇಪು ಚಟ್ ಅನ್ನುತ್ತದೆ, ಗುಂಡು ಒಳಗೇ ಕೂತಿರುತ್ತದೆ. ಆಮೇಲೆ ಗಜದ ತುದಿಗೆ ಸ್ಕ್ರೂ ಹಾಕಿ, ಸೀಸದ ಗುಂಡಿಗೆ ಕಚ್ಚಿಸಿ, ಎಳೆದು ತೆಗೆಯಬೇಕು. ಬೆವರಿಳಿಯುವ ಕೆಲಸ. ಸ್ಪರ್ಧೆಗಳಲ್ಲಿ ಹೊಡೆಯುವವರು ಈಗ ಗ್ಯಾಸ್ ತುಂಬಿದ ಪುಟ್ಟ ಸಿಲಿಂಡರ್ ಇಟ್ಟುಕೊಂಡಿರುತ್ತಾರೆ. ಕೇಪು ಕೂರುವ ಜಾಗದ ಸಣ್ಣ ತೂತಿನಿಂದ ಊದಿದರೆ ಗುಂಡು ತಾನಾಗಿ ಹೊರಗೆ ಬರುತ್ತದೆ. ಆದರೆ 'ಮಸಿ ಹಾಕಿಲ್ಲ' ಅನ್ನುವುದೂ ನೆನಪಿನ ಮಾತೇ ಅಲ್ವಾ? ಅದಕ್ಕೇ ಗುಂಡು ತೆಗೆಯುವಾಗಲೂ ಒಳಗೆ ಮಸಿ ಇದೆ ಅಂತಲೇ ತಿಳಿದು, ಬಾಯಿಯನ್ನು ಬೇರೆ ಕಡೆಗಿಟ್ಟು, ಕೇಪು ಕಿತ್ತು ಹಾಕಿ ಶುರು ಮಾಡಬೇಕು.

ಒಂದರ ಮೇಲೊಂದು ಈಡು ತುಂಬುವುದು ಬೇರೆಯೇ ಕಥೆ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈನಲ್ಲಿ, ಗೆಟ್ಟಿಸ್‌ಬರ್ಗ್ ಎಂಬಲ್ಲಿ ಮೂರು ದಿನ ಕಾಳಗ ನಡೆಯಿತು. ಮುಗಿದ ಮೇಲೆ ಮೈದಾನದಿಂದ 27 ಸಾವಿರಕ್ಕೂ ಹೆಚ್ಚು ಬಂದೂಕು ಹೆಕ್ಕಿದರು. ಅದರಲ್ಲಿ ಸುಮಾರು 24 ಸಾವಿರ ಬಂದೂಕುಗಳಲ್ಲಿ ಈಡು ಹಾಗೇ ಇತ್ತು. ತುಂಬಿದ್ದರಲ್ಲಿ ಅರ್ಧದಷ್ಟಕ್ಕೆ ಎರಡೆರಡು ಈಡು. ಸಾವಿರಾರು ಬಂದೂಕುಗಳಲ್ಲಿ ಮೂರರಿಂದ ಹತ್ತು. ಒಂದರಲ್ಲಂತೂ ಒಂದರ ಮೇಲೊಂದು ಪೇರಿಸಿದ 23 ಈಡು! ಆ ಸೈನಿಕನನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹೊಗೆ, ಗದ್ದಲ, ಆಚೆ ಈಚೆ ಬೀಳುವವರು. ಟ್ರಿಗರ್ ಎಳೆಯುತ್ತಾನೆ. ಪಕ್ಕದವನ ಬಂದೂಕು ಢಂ ಅಂದದ್ದನ್ನು ತನ್ನದೇ ಅಂದುಕೊಳ್ಳುತ್ತಾನೆ. ಮತ್ತೆ ತುಂಬುತ್ತಾನೆ. ಇಲ್ಲವೇ ಕೇಪು ಹಾಕುವುದನ್ನೇ ಬಿಟ್ಟಿರುತ್ತಾನೆ. ಕೊಲ್ಲಲು ಮನಸ್ಸು ಬಾರದೆ ಸುಮ್ನೆ ತುಂಬುವ ನಾಟಕ ಆಡಿದರು ಅಂತ ವಾದಿಸುವವರೂ ಇದ್ದಾರೆ. ಕೇಳಲು ಚೆನ್ನಾಗಿದೆ. ನನಗೆ ಮಾತ್ರ ಹೆದರಿಕೆ ಮತ್ತು ಮರೆವು, ಈ ಎರಡೇ ಸಾಕು ಅನಿಸುತ್ತದೆ.

ಸೈನ್ಯಗಳಿಗೆ ಈ ಮರೆವಿನ ವಿಷಯ ಗೊತ್ತಿರಲಿಲ್ಲ ಅಂತಲ್ಲ. ತುಂಬುವುದನ್ನು ಒಂದು, ಎರಡು, ಮೂರು ಅಂತ ಎಣಿಸಿ ಕವಾಯತು ಮಾಡಿಸುತ್ತಿದ್ದದ್ದೇ ಅದಕ್ಕೆ. ತಲೆ ಕೆಲಸ ಮಾಡದಿದ್ದರೂ ಕೈ ಮಾಡಲಿ ಅಂತ. ಕಾಗದದ ತೋಟಾ ಬಂದದ್ದರಲ್ಲೂ ಇದೇ ಅನುಕೂಲ ಇತ್ತು. ಒಂದು ಈಡಿನ ಮದ್ದು, ಗುಂಡು ಎರಡೂ ಒಂದೇ ಪೊಟ್ಟಣದಲ್ಲಿ. ಹಲ್ಲಿನಿಂದ ಕಚ್ಚಿ ಹರಿ, ಮದ್ದು ಸುರಿ, ಗುಂಡು ಜಡಿ. ಒಂದನ್ನು ಹಾಕಿ ಇನ್ನೊಂದನ್ನು ಮರೆಯುವುದು ಕಷ್ಟ. 1857ರಲ್ಲಿ ಸಿಪಾಯಿಗಳು ತಿರುಗಿಬಿದ್ದದ್ದು ಇಂಥದೇ ಪೊಟ್ಟಣದ ಮೇಲಿನ ಕೊಬ್ಬಿನ ಸುದ್ದಿ ಕೇಳಿ. 1817ರ ನವೆಂಬರ್ 5ರಂದು ಇಲ್ಲೇ ಖಡ್ಕಿಯಲ್ಲಿ ಪೇಶ್ವೆಯ ಸೈನ್ಯವೂ ಕಂಪನಿಯ ಸೈನ್ಯವೂ ಎದುರಾದಾಗ ಎರಡೂ ಕಡೆ ಬಾಯಿಂದ ತುಂಬುವ ಬಂದೂಕುಗಳೇ. ಮರಾಠಿಯಲ್ಲಿ ಅದಕ್ಕೆ ಠಾಸಣೀಚಿ ಬಂದೂಕ್ ಅನ್ನುತ್ತಾರೆ. ಅದೇ ಖಡ್ಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ಆ ಕಡೆ ಕಾರು ಹೋದಾಗಲೆಲ್ಲ ಮಾವ ಕಿಟಕಿಯಿಂದ ಬೆರಳು ತೋರಿಸಿ ಏನಾದರೊಂದು ಹೇಳದೆ ಬಿಡುವುದಿಲ್ಲ.

ನಿಜವಾಗಿ ಹೆದರಬೇಕಾದದ್ದು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡ ಗುಂಡಿಗೆ. ಕರಿಮದ್ದು ಪೂರ್ತಿ ಉರಿದು ಗಾಳಿಯಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ನಳಿಗೆಯ ಒಳಮೈಗೆ ಅಂಟುತ್ತದೆ. ಆ ಅಂಟು ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮ ಆಗುಂಬೆ ಕಡೆಯ ಮಳೆಗಾಲದಲ್ಲಿ ಹೇಗಿರಬೇಡ! ನಾಲ್ಕಾರು ಈಡು ಹೊಡೆದು ಒರೆಸದೆ ಮುಂದಿನದು ತುಂಬಿದರೆ ಗುಂಡು ಮಧ್ಯದಲ್ಲೇ ನಿಲ್ಲುತ್ತದೆ. ತುಂಬುವವನಿಗೆ ತಳ ಮುಟ್ಟಿದ ಹಾಗೇ ಅನಿಸುತ್ತದೆ. ಈಗ ಮಸಿಗೂ ಗುಂಡಿಗೂ ನಡುವೆ ಖಾಲಿ ಜಾಗ. ಹೊಡೆದಾಗ ಉಕ್ಕಿ ಬಂದ ಗಾಳಿ ಆ ಗುಂಡಿಗೆ ಗೋಡೆಗೆ ಬಡಿದಂತೆ ಬಡಿಯುತ್ತದೆ. ಅದೃಷ್ಟ ಇದ್ದರೆ ನಳಿಗೆ ಅಲ್ಲೊಂದು ಉಂಗುರದ ಹಾಗೆ ಉಬ್ಬುತ್ತದೆ. ಇಲ್ಲದಿದ್ದರೆ ಸಿಡಿಯುತ್ತದೆ, ಎಡಗೈ ಇರುವ ಜಾಗದಲ್ಲೇ.

ಹಳೇ ಕೋವಿ ಕೈಗೆ ಬಂದರೆ ಮಾವ ಮೊದಲು ಮಾಡುವ ಕೆಲಸವೇ ಆ ಉಬ್ಬನ್ನು ಹುಡುಕುವುದು. ಹೆಬ್ಬೆರಳು ತೋರುಬೆರಳಿನ ನಡುವೆ ನಳಿಗೆ ಹಿಡಿದು, ಕಣ್ಣು ಮುಚ್ಚಿ, ಬುಡದಿಂದ ಬಾಯಿಯ ತನಕ ಮೆಲ್ಲಗೆ ಜಾರಿಸುತ್ತಾರೆ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದಂತೆ.

ಗಜವನ್ನು ಒಳಗೇ ಬಿಟ್ಟು ಹೊಡೆಯುವವರೂ ಇದ್ದಾರೆ. ಯುದ್ಧಗಳಲ್ಲಿ ಇದು ಆಗಾಗ ಆಗುತ್ತಿತ್ತು. ಗಜ ಈಟಿಯಂತೆ ಹಾರಿಹೋದ ಮೇಲೆ ಆ ಸೈನಿಕನಿಗೆ ಮತ್ತೆ ತುಂಬಲು ಏನೂ ಇಲ್ಲ. ಮರದ ಗಜದ್ದು ಇನ್ನೊಂದು ರಗಳೆ. ತುದಿಯಲ್ಲಿ ಹಿಡಿದು ಮೈಭಾರ ಹಾಕಿ ಒತ್ತಿದರೆ ಲಟಕ್ಕನೆ ಮುರಿದು, ಸೀಳು ಅಂಗೈಯನ್ನು ತೂರಿಕೊಂಡು ಹೋಗುತ್ತದೆ. ನಳಿಗೆಯ ಬಾಯಿಗೆ ಹತ್ತಿರ ಹಿಡಿದು ಗೇಣು ಗೇಣಾಗಿ ಇಳಿಸಬೇಕು. ಅವಸರದವರಿಗೆ ಹೇಳಿದ ಕೆಲಸವಲ್ಲ.

ಕಿಡಿಯ ವಿಷಯ ಹೇಳದಿದ್ದರೆ ಮಾವ ನನ್ನನ್ನು ಬೈಯುತ್ತಾರೆ. ಒಂದು ಈಡು ಹೊಡೆದಾದ ಮೇಲೆ ನಾರಿನದ್ದೋ ಬಟ್ಟೆಯದ್ದೋ ಒಂದು ಕೆಂಡ ಒಳಗೆ ಉಳಿದಿರಬಹುದು. ಕಾಣುವುದಿಲ್ಲ. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿದರೆ, ಕಿಡಿ ಹತ್ತಿದಾಗ ಹೊತ್ತಿಕೊಳ್ಳುವುದು ಒಂದು ಈಡಿನ ಮಸಿಯಲ್ಲ, ಕೈಯಲ್ಲಿರುವ ಇಡೀ ಕೊಂಬು. ಅದಕ್ಕೇ ಕೊಂಬಿನಿಂದ ಅಳತೆಗೆ, ಅಳತೆಯಿಂದ ನಳಿಗೆಗೆ. ನಡುವೆ ಒದ್ದೆ ಬಟ್ಟೆ, ಒಣ ಬಟ್ಟೆ ಎರಡನ್ನೂ ಆಡಿಸಿ ಒರೆಸಬೇಕು. ಬಾಯಿಂದ ತುಂಬುವ ಬಂದೂಕುಗಳಿಗೇ ಅಂತ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತದೆ, ಗೊತ್ತಾ? ಅದನ್ನು ನಡೆಸುವ ಅಂತರರಾಷ್ಟ್ರೀಯ ಸಮಿತಿ ಹುಟ್ಟಿದ್ದು 1971ರಲ್ಲಿ. ಅಲ್ಲಿ ಒಂದೊಂದು ಈಡಿನ ಮದ್ದನ್ನೂ ಮೊದಲೇ ಅಳೆದು ಪುಟ್ಟ ಪುಟ್ಟ ಶೀಶೆಗಳಲ್ಲಿ ತರಬೇಕು. ಹೊಡೆಯುವ ಜಾಗಕ್ಕೆ ಕೊಂಬು ತರುವ ಹಾಗಿಲ್ಲ. ಅರ್ಧ ಗಂಟೆಯಲ್ಲಿ 13 ಗುಂಡು, ಒಳ್ಳೆಯ ಹತ್ತು ಲೆಕ್ಕಕ್ಕೆ. ಒಂದು ಗುಂಡಿಗೆ ಎರಡು ನಿಮಿಷದ ಮೇಲೆ ಸಿಗುತ್ತದೆ. ಶೀಶೆಯ ಇನ್ನೊಂದು ಲಾಭ ಬೇರೆ. ಖಾಲಿ ಶೀಶೆ ಎಣಿಸಿದರೆ ಎಷ್ಟು ಈಡಿನ ಮಸಿ ಒಳಗೆ ಹೋಯಿತು ಅಂತ ತಿಳಿಯುತ್ತದೆ.

ಮದ್ದೇ ಅದಲುಬದಲಾದರೆ ಎಣಿಸಿ ಏನೂ ಪ್ರಯೋಜನ ಇಲ್ಲ. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆಯಿಲ್ಲದ ಮದ್ದು ಕಂಡುಹಿಡಿದ. ಈಗಿನ ತೋಟಾಗಳಲ್ಲಿ ಇರುವುದು ಆ ಜಾತಿಯದ್ದೇ. ಕರಿಮದ್ದಿನ ಅಳತೆಯಲ್ಲಿ ಅದನ್ನು ಸುರಿದರೆ ಒತ್ತಡ ಎಷ್ಟೋ ಪಟ್ಟು ಏರುತ್ತದೆ. ಕೇಪಿನ ಕೋವಿಯ ನಳಿಗೆ ಅದಕ್ಕೆ ಮಾಡಿದ್ದೇ ಅಲ್ಲ. ಮಸಿ ಸಿಗಲಿಲ್ಲ ಅಂತ ತೋಟಾ ಒಡೆದು ಸುರಿದುಕೊಂಡು ಬೆರಳು ಕಳಕೊಂಡವರ ಕಥೆ ಕೊಡಗಿನಲ್ಲೂ ಇದೆ, ನಮ್ಮಲ್ಲೂ ಇದೆ.

ಕೇಪು ಚಟ್ ಅಂದು ಈಡು ಹಾರದೇ ಇದ್ದಾಗ ಏನು ಮಾಡಬೇಕು? ಏನೂ ಮಾಡಬಾರದು. ಅದೇ ಕಷ್ಟ. ಬಾಯಿ ಗುರಿಯ ಕಡೆಗೇ ಇರಬೇಕು, ಒಂದು ನಿಮಿಷವಾದರೂ ಕಾಯಬೇಕು. ಮಸಿ ಒಳಗೇ ನಿಧಾನಕ್ಕೆ ಹತ್ತಿಕೊಳ್ಳುತ್ತಿರಬಹುದು. ಆಮೇಲೆ ಕೇಪು ಕೂರುವ ಜಾಗದ ತೂತನ್ನು ಸೂಜಿಯಲ್ಲಿ ಚುಚ್ಚಿ, ಹೊಸ ಕೇಪು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುರಿ ಇಡುತ್ತಾರಲ್ಲ, ಮಾವನ ಊರಿನಲ್ಲಿ ಒಬ್ಬ ಹುಡುಗನ ಈಡು ಹೀಗೇ ಕೂತುಹೋಯಿತಂತೆ. ಅವನು ಕೋವಿಯ ಸಮೇತ ಹಿಂದೆ ತಿರುಗಿ, 'ಯಾಕೆ ಹಾರ್ಲಿಲ್ಲ?' ಅಂತ ಎಲ್ಲರನ್ನೂ ಕೇಳಿದ. ಉತ್ತರ ಕೊಡಲು ಯಾರೂ ನಿಂತಿರಲಿಲ್ಲ. ಸೊಂಟಕ್ಕೆ ರೇಷ್ಮೆ ಚೇಲೆ ಕಟ್ಟಿದ ಹಿರಿಯರೆಲ್ಲ ಕೆಸರಲ್ಲಿ ಮಕಾಡೆ ಮಲಗಿದ್ದರು!

ತುಂಬಿದ ಕೋವಿಯನ್ನು ಖಾಲಿ ಮಾಡಲು ಸುಲಭದ ದಾರಿ ಅಂದರೆ ಹೊಡೆಯುವುದೇ. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನು ಠಾಣೆಯಲ್ಲಿ ಇಡಬೇಕಲ್ಲ, ಅದರ ಹಿಂದಿನ ಸಂಜೆ ನಮ್ಮೂರಿನ ಗುಡ್ಡದ ಮನೆಗಳಿಂದ ಒಂದೊಂದೇ ಈಡಿನ ಸದ್ದು ಕೇಳುತ್ತಿತ್ತು. ಅಜ್ಜನೂ ತೋಟದ ಧರೆಗೆ ಒಂದು ಹೊಡೆದು ಬರುತ್ತಿದ್ದರು. ಹೊಡೆಯದೇ ಗೋಡೆಗೆ ತೂಗುಹಾಕಿದ ಕೋವಿಗಳ ಕಥೆ ಏನು ಅಂತ ನಾನು ಯೋಚಿಸಿದ್ದೇ ಇಲ್ಲ, ಸದಾಶಿವ ಪೇಟೆಯ ಆ ಮನೆಗೆ ಹೋಗುವ ತನಕ.

ನನ್ನ ಆಫೀಸಿನ ಗೆಳತಿಯ ಮಾವನ ಮನೆ ಅದು. ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕೂ ಅನ್ನುತ್ತೇನೆ. ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದವರು. ಮೂರು ತಲೆಮಾರು ಆದರೂ ಮನೆಯೊಳಗೆ ಧಾರವಾಡದ ಕನ್ನಡವೇ. ಗಣಪತಿ ಹಬ್ಬಕ್ಕೆ ಕರೆದಿದ್ದರು. ಸುಬೇದಾರ್ ಮಾವನನ್ನೂ ಕರೆದುಕೊಂಡು ಹೋಗಿದ್ದೆ. ಹಾಲಿನ ಗೋಡೆಯ ಮೇಲೆ, ಅಜ್ಜಂದಿರ ಫೋಟೋಗಳ ನಡುವೆ, ಹಿತ್ತಾಳೆಯ ಪಟ್ಟಿ ಬಡಿದ ಉದ್ದನೆಯ ಕೋವಿ. ಮಾವ ಮೋದಕ ಕೈಯಲ್ಲಿ ಹಿಡಿದೇ ಎದ್ದು ನಿಂತರು.

'ಇದು ಖಾಲಿ ಇದೆಯಾ ಸರ್?'

'ಏ, ಖಾಲಿ ಅದರಿ. ನಮ್ಮ ಮುತ್ತಜ್ಜಂದು. ನಾ ಹುಟ್ಟಿದಾಗಿಂದ ಇಲ್ಲೇ ನೇತಾಡ್ಲಿಕತ್ತದ,' ಅಂದರು ಕಾಕಾ.

'ಯಾರು ನೋಡಿದ್ದು?'

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಯಾರು ನೋಡಬೇಕ್ರೀ?' ಅಂದರು.

ಕೋವಿ ಕೆಳಗಿಳಿಯಿತು. ಮಾವ ಎಲ್ಲರನ್ನೂ ಹಿಂದೆ ಕಳಿಸಿ, ಬಾಯಿಯನ್ನು ಹಿತ್ತಲಿನ ಕಲ್ಲುಗೋಡೆಯ ಕಡೆ ತಿರುಗಿಸಿದರು. ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಎತ್ತಿಲ್ಲ, ಕೇಪು ಇಲ್ಲ ಅಂತ ನೋಡಿಕೊಂಡರು. ಮೂಲ ಗಜ ಯಾವಾಗಲೋ ಕಳೆದುಹೋಗಿತ್ತು. ಕಾಕೂ ಜೇಡರ ಬಲೆ ತೆಗೆಯುವ ತೆಳು ಬಿದಿರು ಕೋಲು ತಂದುಕೊಟ್ಟರು. ಮಾವ ಪಕ್ಕದಿಂದ ಕೈ ಚಾಚಿ ಅದನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿದರು. ತಡೆದು ನಿಂತಲ್ಲಿ, ನಳಿಗೆಯ ಬಾಯಿಯ ಮಟ್ಟಕ್ಕೆ, ಕೋಲಿನ ಮೇಲೆ ಉಗುರಿನಿಂದ ಗೀರಿದರು. ಹೊರಗೆ ತೆಗೆದು, ಗೀರನ್ನು ಬಾಯಿಗೆ ಸರಿಯಾಗಿಟ್ಟು, ಕೋಲನ್ನು ನಳಿಗೆಯ ಹೊರಮೈ ಮೇಲೆ ಮಲಗಿಸಿದರು. ಖಾಲಿ ಕೋವಿಯಾದರೆ ಕೋಲಿನ ತುದಿ ಕೇಪು ಕೂರುವ ಜಾಗದ ತನಕ ಬರಬೇಕು. ಇದು ನಾಲ್ಕು ಬೆರಳು ಹಿಂದೆಯೇ ನಿಂತಿತ್ತು.

'ಕಣಜದ ಗೂಡೂ ಇರಬಹುದು, ಚಿಂದಿ ಬಟ್ಟೆಯೂ ಇರಬಹುದು,' ಅಂದರು ಮಾವ. 'ಆದ್ರೆ ನಾಲ್ಕು ಬೆರಳು ಅಂದ್ರೆ ಒಂದು ಈಡಿನ ಲೆಕ್ಕ.'

'ಅಯ್ಯ ನನ ಶಿವನೇ,' ಅಂದರು ಕಾಕೂ. 'ಪ್ರತಿ ದೀಪಾವಳಿಗೆ ಧೂಳಾ ಒರಸ್ಲಿಕ್ಕೆ ನಾನೇ ಇಳಸ್ತೀನಿ ಅದನ್ನ. ಹೊಟ್ಟಿಗೆ ಆನಿಸಿಗೊಂಡು ಒರಸ್ತೀನಿ!'

ಠಾಣೆಗೆ ತಿಳಿಸಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರೊಬ್ಬರನ್ನು ಕರೆಸಿದರು. ಅವರು ಮೊದಲು ನಳಿಗೆಗೆ ನೀರು ತುಂಬಿ ನೆನೆಯಲು ಬಿಟ್ಟರು. ಆಮೇಲೆ ಸ್ಕ್ರೂ ಹಾಕಿ ಎಳೆದರು. ಕಂದು ಬಣ್ಣಕ್ಕೆ ತಿರುಗಿದ ಬಟ್ಟೆಯ ಉಂಡೆ ಬಂತು. ಬೂದಿ ಹಿಡಿದ ಚರೆ ಬಂತು, ಇನ್ನೊಂದು ಬಟ್ಟೆ ಬಂತು. ಕೊನೆಗೆ ಕಪ್ಪು ಕೆಸರು. ಅದು ಒಣಗಿಯೇ ಇದ್ದಿದ್ದರೆ ಈಗಲೂ ಹತ್ತಿಕೊಳ್ಳುತ್ತಿತ್ತು ಅಂದರು ಅವರು. ಕರಿಮದ್ದಿಗೆ ತೇವ ತಾಗದಿದ್ದರೆ ವಯಸ್ಸಾಗುವುದಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನವರ ಹತ್ತಿರ ಇದ್ದ ಹದಿನೆಂಟನೇ ಶತಮಾನದ ಒಂದು ಫಿರಂಗಿಯನ್ನು 2013ರ ಜನವರಿಯಲ್ಲಿ ಸ್ವಚ್ಛ ಮಾಡಲು ಹೋದಾಗ ಒಳಗೆ ಗುಂಡು, ಬಟ್ಟೆ, ಜೊತೆಗೆ 800 ಗ್ರಾಂ ದಾಟಿದ ಮದ್ದು ಸಿಕ್ಕಿತ್ತು. ವರ್ಷಗಟ್ಟಲೆ ಜನ ನೋಡಲಿ ಅಂತ ಇಟ್ಟಿದ್ದ ಫಿರಂಗಿ ಅದು. ಕಾಕಾನ ಮನೆಯಲ್ಲೂ ಅಷ್ಟೇ. ಮುತ್ತಜ್ಜ ಕಳ್ಳರಿಗೋ ಹಂದಿಗೋ ಅಂತ ತುಂಬಿಟ್ಟು, ಕೇಪು ಮಾತ್ರ ತೆಗೆದು ಗೋಡೆಗೆ ಹಾಕಿರಬೇಕು. ಕೇಪು ಇಲ್ಲದ್ದನ್ನು ನೋಡಿದವರು ಖಾಲಿ ಅಂದರು. ಖಾಲಿ ಅಂದದ್ದನ್ನು ಕೇಳಿದವರು ಮುಂದಿನವರಿಗೆ ಹೇಳಿದರು.

ಮಾವನ ಊರಿನ ಕೋವಿಯ ಗಜದ ಮೇಲೆ ಎರಡು ಗೀರು ಇವೆಯಂತೆ, ಅವರ ಅಪ್ಪ ಅರದಿಂದ ಕೊರೆದದ್ದು. ಒಂದು ಖಾಲಿ ಇದ್ದಾಗ ಬಾಯಿಗೆ ಬರುವ ಗೀರು, ಇನ್ನೊಂದು ಈಡು ಸರಿಯಾಗಿ ತುಂಬಿದಾಗ. ಎರಡನೆಯದಕ್ಕಿಂತ ಮೇಲೆ ನಿಂತರೆ ಗುಂಡು ಸಿಕ್ಕಿಕೊಂಡಿದೆ, ಇಲ್ಲವೇ ಈಡು ಎರಡಾಗಿದೆ. ಕೆಳಗೆ ಇಳಿದರೆ ಏನೋ ಬಿಟ್ಟುಹೋಗಿದೆ. 'ತುಂಬಿದ್ದೀನಾ ಅಂತ ನನ್ನ ಕೇಳಬೇಡ, ಗಜನ ಕೇಳು ಅಂತಿದ್ರು ಅಪ್ಪ,' ಅಂದರು ಮಾವ. ಅಜ್ಜನ ಕೋವಿಯ ಗಜದ ಮೇಲೂ ಗೀರು ಇತ್ತಾ? ಕೋವಿ ಈಗ ನಮ್ಮಲ್ಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ. 'ಎರಡು ಇತ್ತಲ್ಲೇ, ಅದು ತುಕ್ಕು ತಿಂದಿದ್ದು ಅಂದ್ಕೊಂಡಿದ್ದೆ' ಅಂದರು.

ಸದಾಶಿವ ಪೇಟೆಯ ಕೋವಿ ಮತ್ತೆ ಗೋಡೆ ಏರಿಲ್ಲ. ಕಾಕೂ ಬಿಡುತ್ತಿಲ್ಲ. ಅಷ್ಟರಲ್ಲಿ ಕಾಕಾನಿಗೆ ಇನ್ನೊಂದು ವಿಷಯ ನೆನಪಾಯಿತು. ಇದರ ಜೋಡಿ ಕೋವಿ ಧಾರವಾಡದ ತಮ್ಮನ ಮನೆಯಲ್ಲಿದೆ, ಅದನ್ನು ಪ್ರತಿ ದಸರಾಕ್ಕೆ ಇಳಿಸಿ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ನಮ್ಮೆದುರೇ ಫೋನ್ ಮಾಡಿದರು. ಸ್ಪೀಕರಿನಲ್ಲಿ ತಮ್ಮ ಗಟ್ಟಿಯಾಗಿ ನಕ್ಕರು.

'ಖಾಲಿ ಅದನೋ ಅಣ್ಣಾ. ಅಪ್ಪಾನೇ ಹೇಳಿದ್ದ.'

'ಕೋಲು ಗೀಲು ಹಾಕೋಕೆ ಹೋಗ್ಬೇಡಿ ಅನ್ನಿ,' ಅಂತ ಮಾವ ಫೋನಿನ ಹತ್ತಿರ ಬಂದರು. 'ಗೊತ್ತಿರೋರನ್ನೇ ಕರೆಸ್ಲಿ. ಅಲ್ಲಿ ತನಕ ಆ ಗೋಡೆ ಕೆಳಗೆ ಯಾರೂ ಮಲಗೋದೂ ಬೇಡ.'

ಆ ಕಡೆಯಿಂದ ನಗು ನಿಂತಿತು. 'ಆ ಗೋಡೆ ಕೆಳಗ ನಮ್ಮವ್ವನ ಮಂಚ ಅದರಿ,' ಅಂದರು ಅವರು.